ಹಳೆ ಪಿಕಪ್‌ಗೆ ಪೂರ್ತಿ ಪಾಟಾ ಕಿಟ್: ಪಾಟಾಕ್ಕಿಂತ ಮೊದಲು ಬೋಲ್ಟಿನ ಚೀಲ ಬಿಚ್ಚಿ

ಹಳೆ ಪಿಕಪ್‌ನ ಹಿಂಬದಿ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಕಟ್ಟಾದಾಗ ಈಗ ಹೆಚ್ಚಿನವರು ತರಿಸಿಕೊಳ್ಳುವುದು ಪೂರ್ತಿ ಕಿಟ್. ಜೋಡಿಸಿ ಬಿಗಿದ ಎರಡು ಪಾಟಾ ಸೆಟ್, ಪಾಟಾವನ್ನು ಆಕ್ಸಲ್‌ಗೆ ಕಚ್ಚಿಸುವ ನಾಲ್ಕು ಯು-ಬೋಲ್ಟ್, ಎಂಟು ನಟ್, ಕಣ್ಣಿಗೂ (ಪಾಟಾದ ತುದಿಯ ಸುರುಳಿ ತೂತು) ಶ್ಯಾಕಲ್‌ಗೂ (ಹಿಂದಿನ ಕಣ್ಣನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಬೇಕಾದ ಬುಷ್‌ಗಳು, ಕೆಲವು ಕಿಟ್‌ಗಳಲ್ಲಿ ಹೊಸ ಶ್ಯಾಕಲ್ ಮತ್ತು ಗ್ರೀಸ್ ನಿಪ್ಪಲ್ ಇರುವ ಪಿನ್‌ಗಳೂ ಬರುತ್ತವೆ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಒಂದು ಪಾಟಾ ಮುರಿದ ಹಳೆ ಗಾಡಿಗೆ ಪೂರ್ತಿ ಕಿಟ್ ಹಾಕುವುದೇ ಸರಿ. ಆದರೆ ಕಿಟ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾಗುವುದು ಹೊಳೆಯುವ ಕಪ್ಪು ಪಾಟಾದಲ್ಲಿ ಅಲ್ಲ, ಪಕ್ಕದಲ್ಲಿ ಬಿದ್ದಿರುವ ಬೋಲ್ಟಿನ ಪ್ಲಾಸ್ಟಿಕ್ ಚೀಲದಲ್ಲಿ. ಸಾಧಾರಣ ಕಿಟ್‌ಗಳಲ್ಲೂ ಉಕ್ಕು ಪರವಾಗಿಲ್ಲ ಎನ್ನುವಂತೆ ಇರುತ್ತದೆ. ಖರ್ಚು ಉಳಿಸುವುದು ಯು-ಬೋಲ್ಟ್, ನಟ್, ಬುಷ್‌ಗಳಲ್ಲಿ. ಹೊಸ ಪಾಟಾ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನಿರ್ಧರಿಸುವುದೂ ಅವೇ.

ಅದು ಯಾಕೆ ಎಂದು ತಿಳಿಯಬೇಕಾದರೆ ಮುರಿದ ಪಾಟಾವನ್ನು ಗುಜರಿಗೆ ಎಸೆಯುವ ಮುಂಚೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನೋಡಬೇಕು. ಮುರಿದ ಮುಖದಲ್ಲಿ ಎರಡು ಬಣ್ಣ ಕಾಣುತ್ತದೆ. ಒಂದು ಭಾಗ ನುಣುಪಾಗಿ, ಕಂದು-ಕಪ್ಪಾಗಿ ಇದ್ದು, ಅದರ ಮೇಲೆ ಚಿಪ್ಪಿನ ಮೈಯಲ್ಲಿರುವಂಥ ಬಾಗಿದ ಸಣ್ಣ ಗೆರೆಗಳಿರುತ್ತವೆ. ಅದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದ ಬಿರುಕು. ಇನ್ನೊಂದು ಭಾಗ ಬೆಳ್ಳಗೆ, ಸಕ್ಕರೆ ಹರಳಿನ ಹಾಗೆ ತರಿತರಿಯಾಗಿರುತ್ತದೆ. ಅದು ಕೊನೆಯ ಗುಂಡಿಯಲ್ಲಿ ಒಂದೇ ಏಟಿಗೆ ಮುರಿದ ಭಾಗ. ಬಾಗಿದ ಗೆರೆಗಳು ಯಾವ ಕಡೆಗೆ ಕಿರಿದಾಗುತ್ತಾ ಹೋಗುತ್ತವೋ ಅಲ್ಲಿ ಬಿರುಕಿನ ಮೂಲ ಸಿಗುತ್ತದೆ. ಅದು ತುಕ್ಕು ತಿಂದ ಸಣ್ಣ ಕುಳಿ ಇರಬಹುದು, ಪಾಟಾಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಅಂಚು ಇರಬಹುದು, ಯಾವತ್ತೋ ವೆಲ್ಡಿಂಗ್ ಮಾಡುವಾಗ ಬಿದ್ದ ಕಿಡಿಯ ಚುಕ್ಕೆಯೂ ಇರಬಹುದು.

ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದಿದ್ದರೆ ತಪ್ಪು ಪಾಟಾದ್ದಲ್ಲ, ಯು-ಬೋಲ್ಟಿನದ್ದು. ತೂತು ಇರುವ ಕಡೆ ಪಾಟಾ ತುಂಬ ದುರ್ಬಲ. ಅಗಲದ ಒಂದು ಪಾಲು ಅಲ್ಲಿ ಇಲ್ಲವೇ ಇಲ್ಲ. ಆದರೂ ಅಲ್ಲಿ ಮುರಿಯದಿರಲು ಕಾರಣ, ಎರಡು ಯು-ಬೋಲ್ಟ್‌ಗಳ ನಡುವಿನ ಭಾಗ ಆಕ್ಸಲ್ ಪ್ಯಾಡ್‌ಗೆ (ಚಕ್ರದ ಅಚ್ಚಿನಲ್ಲಿ ಪಾಟಾ ಕೂರುವ ಚಪ್ಪಟೆ ಜಾಗ) ಕಚ್ಚಿಕೊಂಡು ಬಾಗದೆ ನಿಂತಿರುವುದು. ಬಿಗಿತ ಸಡಿಲವಾದ ದಿನದಿಂದ ಬಾಗುವಿಕೆ ತೂತಿನವರೆಗೂ ಹರಿಯುತ್ತದೆ, ಬಿರುಕು ಅಲ್ಲಿಂದಲೇ ಶುರು. ಯು-ಬೋಲ್ಟಿನ ಹೊರಗೆ, ಪ್ಯಾಡ್ ಮುಗಿದ ಕೂಡಲೇ ಮುರಿದಿದ್ದರೆ ವರ್ಷಗಟ್ಟಲೆ ಹೊತ್ತ ಅತಿಭಾರ, ಉಕ್ಕಿನ ದಣಿವು ಕಾರಣ. ಎರಡನೇ ಪಾಟಾದ ತುದಿ ಮೇನ್ ಪಾಟಾಕ್ಕೆ (ಕಣ್ಣುಗಳಿರುವ ಉದ್ದದ ಪಾಟಾ) ತಾಗುವ ಗೆರೆಯಲ್ಲಿ ಮುರಿದಿದ್ದರೆ ಚೌಕವಾಗಿ ಕತ್ತರಿಸಿದ ತುದಿ, ಸವೆದುಹೋದ ನೈಲಾನ್ ಲೈನರ್, ನಡುವೆ ಸೇರಿದ ತುಕ್ಕು ಕಾರಣ. ಕಣ್ಣಿನ ಬುಡದಲ್ಲಿ ಮುರಿದಿದ್ದರೆ ಬುಷ್ ಜಾಮ್ ಆಗಿದೆ, ಅಥವಾ ಹಿಂದೆ ಯಾರೋ ಗಾಡಿಯನ್ನು ಎತ್ತಿ ನೇತಾಡಿಸಿದ ಸ್ಥಿತಿಯಲ್ಲೇ ಕಣ್ಣಿನ ಬೋಲ್ಟನ್ನು ಪೂರ್ತಿ ಬಿಗಿದಿದ್ದಾರೆ.

ಇನ್ನೊಂದು ಬಗೆ ಇದೆ. ಪಾಟಾಗಳೆಲ್ಲ ಸರಿಯಿದ್ದು ಸೆಂಟರ್ ಬೋಲ್ಟ್ ಮಾತ್ರ ತುಂಡಾಗಿರುತ್ತದೆ. ಆಗ ಒಂದು ಬದಿಯ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಜಾರಿ, ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಟೇಪ್ ಹಿಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬದಿಯ ವಾಲಿಕೆ ನೋಡಲು ಹಬ್‌ನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನೇರವಾಗಿ ಅಳೆಯಿರಿ. ಈ ನಾಲ್ಕೂ ಅಳತೆಗಳನ್ನು ಕೆಲಸಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

ಕಿಟ್ ಬೇಡ ಎನ್ನುವವರ ಮೂರು ದಾರಿ

ಮುರಿದ ಒಂದೇ ಪಾಟಾ ಬದಲಿಸುವುದು ಅಗ್ಗ. ಗಾಡಿ ಹೊಸದಿದ್ದು, ಕಾರಣ ಸ್ಪಷ್ಟವಾಗಿದ್ದು, ಉಳಿದ ಪಾಟಾಗಳ ಕಮಾನು (ಬಾಗು) ಹಾಗೇ ಇದ್ದರೆ ಒಪ್ಪಬಹುದು. ಹದಿನೈದು ಇಪ್ಪತ್ತು ವರ್ಷದ ಗಾಡಿಯಲ್ಲಿ ಹಾಗಿರುವುದಿಲ್ಲ. ಹೊಸ ಪಾಟಾದ ಕಮಾನು ಹೆಚ್ಚು, ಹಳೆಯವು ಕೂತುಹೋಗಿವೆ. ಸೆಂಟರ್ ಬೋಲ್ಟ್ ಬಿಗಿದಾಗ ಹೊಸ ಪಾಟಾ ತನ್ನ ಪಾಲಿಗಿಂತ ಹೆಚ್ಚು ಭಾರ ಹೊತ್ತು ಮತ್ತೆ ಅದೇ ಮೊದಲು ಮುರಿಯುತ್ತದೆ.

ಹಳೆ ಸೆಟ್ಟಿಗೆ ಮತ್ತೆ ಕಮಾನು ಕೊಡಿಸುವುದು ಎರಡನೇ ದಾರಿ. ಪಾಟಾಗಳನ್ನು ತಣ್ಣಗೆ ಬಡಿದು ಬಗ್ಗಿಸಿದರೆ ಎತ್ತರ ಬರುತ್ತದೆ, ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಸರಿಯಾಗಿ ಮಾಡಬೇಕೆಂದರೆ ಪ್ರತಿ ಪಾಟಾವನ್ನೂ ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆಕಾರ ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ 450ರಿಂದ 500 ಡಿಗ್ರಿಯಲ್ಲಿ ಹದ ಮಾಡಬೇಕು. ಆ ಕುಲುಮೆ, ಆ ತಾಪಮಾಪಕ ಇರುವ ಕಡೆ ಮಾತ್ರ ಈ ಕೆಲಸ ಕೊಡಿ. ಎಷ್ಟೇ ಚೆನ್ನಾಗಿ ಹದ ಮಾಡಿದರೂ ತುಕ್ಕಿನ ಕುಳಿಗಳು ಹೋಗುವುದಿಲ್ಲ, ಒಳಗೆ ಶುರುವಾಗಿರುವ ಬಿರುಕು ಕೂಡುವುದಿಲ್ಲ. ಗ್ಯಾಸ್ ಕಟರ್‌ನಲ್ಲಿ ಒಂದು ಜಾಗ ಮಾತ್ರ ಕೆಂಪಗೆ ಕಾಯಿಸಿ ಬಗ್ಗಿಸುವುದಂತೂ ಪಾಟಾವನ್ನು ಕೊಂದ ಹಾಗೆ. ಕಾದ ಕಡೆ ಹದ ಹೋಗಿ ಮೆತ್ತಗಾಗುತ್ತದೆ, ನೀರು ಸೋಕಿದರೆ ಗಾಜಿನ ಹಾಗೆ ಬಿರುಸಾಗುತ್ತದೆ. ಮುರಿದ ಪಾಟಾಕ್ಕೆ ವೆಲ್ಡಿಂಗ್ ಹಾಕುವುದನ್ನು ಯೋಚಿಸಲೂ ಬೇಡಿ.

ಹಳೆ ಗಾಡಿಯಿಂದ ಬಿಚ್ಚಿದ ಸೆಟ್ ಮೂರನೆಯದು. ಅದು ನಿಮ್ಮದರಷ್ಟೇ ವಯಸ್ಸಾದದ್ದು. ಮಾಡೆಲ್‌ಗೆ ಹೊಸ ಸೆಟ್ ಸಿಗದೇ ಹೋದಾಗ ಮಾತ್ರ ನೋಡಿ, ಅದೂ ಸೆಂಟರ್ ಬೋಲ್ಟ್ ಬಿಚ್ಚಿಸಿ ಒಂದೊಂದು ಪಾಟಾದ ತೂತಿನ ಸುತ್ತ ವೈರ್ ಬ್ರಶ್ ಹಾಕಿ ನೋಡಿದ ಮೇಲೆ.

ಉಕ್ಕು, ಕಮಾನು, ದಪ್ಪ

ಕಿಟ್‌ನ ವಿವರದಲ್ಲಿ ಎಸ್‌ಯುಪಿ 9, 5160 ಅಥವಾ 51 ಸಿಆರ್‌ವಿ 4 ಎಂಬ ಹೆಸರಿದ್ದರೆ ಮೂರೂ ನಿಜವಾದ ಸ್ಪ್ರಿಂಗ್ ಉಕ್ಕುಗಳೇ. ಮೊದಲೆರಡು ಕ್ರೋಮಿಯಂ-ಮ್ಯಾಂಗನೀಸ್ ಉಕ್ಕುಗಳು, ಮೂರನೆಯದರಲ್ಲಿ ವೆನೇಡಿಯಂ ಕೂಡ ಇದೆ. ಪಿಕಪ್‌ನ ದಪ್ಪಕ್ಕೆ ಇವುಗಳಲ್ಲಿ ಯಾವುದಾದರೂ ಸಾಕು. ಹೆಸರಿಗಿಂತ ಮುಖ್ಯವಾದದ್ದು ಶಾಟ್ ಪೀನಿಂಗ್. ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಮೇಲ್ಮೈಗೆ ಹೊಡೆದು ಚರ್ಮವನ್ನು ಬಿಗಿ ಮಾಡುವ ಕೆಲಸ ಇದು. ಭಾರ ಬಿದ್ದಾಗ ಪಾಟಾದ ಮೇಲಿನ, ತಗ್ಗಾದ ಮುಖ ಎಳೆತಕ್ಕೆ ಒಳಗಾಗುತ್ತದೆ. ಬಿರುಕು ಹುಟ್ಟುವುದು ಎಳೆತದ ಮುಖದಲ್ಲಿ. ಆ ಮುಖ ಮೊದಲೇ ಒತ್ತಿ ಬಿಗಿಯಾಗಿದ್ದರೆ ಬಿರುಕು ಬಾಯಿ ತೆರೆಯಲು ತಡವಾಗುತ್ತದೆ. ಪೀನ್ ಮಾಡಿದ ಪಾಟಾದ ಮೇಲೆ ಉಗುರು ಎಳೆದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳಿಗಳು ತಾಗುತ್ತವೆ. ದಪ್ಪ ಪೇಂಟ್ ಬಳಿದು ಇದನ್ನು ಮುಚ್ಚಿರುವ ಕಿಟ್ ಬಗ್ಗೆ ಎಚ್ಚರ ಇರಲಿ. ಪಾಟಾದ ತುದಿಗಳನ್ನೂ ನೋಡಿ. ತೆಳುವಾಗುತ್ತಾ ಹೋದ ತುದಿ, ಅದರಲ್ಲಿ ಕೂರಿಸಿದ ನೈಲಾನ್ ಪ್ಯಾಡ್ ಇದ್ದರೆ ಒಳ್ಳೆಯ ಗುರುತು. ಕತ್ತರಿಸಿ ಹಾಗೇ ಬಿಟ್ಟ ಚೌಕ ತುದಿ ಮೇಲಿನ ಪಾಟಾವನ್ನು ಕೊರೆಯುತ್ತದೆ.

ಮೇನ್ ಪಾಟಾದ ಕಣ್ಣಿನ ಸುತ್ತ ಎರಡನೇ ಪಾಟಾ ಮುಕ್ಕಾಲು ಸುತ್ತು ಬಂದಿದ್ದರೆ ಅದನ್ನೇ ಆರಿಸಿ. ಕಣ್ಣಿನ ಹತ್ತಿರ ಮೇನ್ ಪಾಟಾ ಮುರಿದರೂ ಆಕ್ಸಲ್ ಜಾರಿಹೋಗದೆ ಗಾಡಿ ಮನೆ ಮುಟ್ಟುತ್ತದೆ.

ಹೆವಿ ಡ್ಯೂಟಿ ಎಂಬ ಪದಕ್ಕೆ ಬಹಳ ಮಂದಿ ಮರುಳಾಗುತ್ತಾರೆ. ಪಾಟಾದ ಬಿರುಸು ಅಗಲಕ್ಕೂ ಪಾಟಾಗಳ ಸಂಖ್ಯೆಗೂ ನೇರ ಲೆಕ್ಕದಲ್ಲಿ ಏರುತ್ತದೆ, ದಪ್ಪಕ್ಕೆ ಮಾತ್ರ ಘನದ ಲೆಕ್ಕ. 7 ಮಿ.ಮೀ. ಪಾಟಾದ ಬದಲು 8 ಮಿ.ಮೀ. ಹಾಕಿದರೆ ಹೆಚ್ಚಿದ್ದು ಒಂದೇ ಮಿ.ಮೀ., ಆದರೆ ಆ ಪಾಟಾ ಹತ್ತಿರ ಹತ್ತಿರ ಒಂದೂವರೆ ಪಟ್ಟು ಬಿರುಸಾಯಿತು. ದಿನವೂ ಹಿಂದೆ 300 ಕೆ.ಜಿ. ಸ್ಥಿರವಾದ ಭಾರ ಇರುವ ಗಾಡಿಗೆ ಅದಕ್ಕೆಂದೇ ಮಾಡಿದ ಸೆಟ್ ಸರಿ. ವಾರಕ್ಕೊಮ್ಮೆ ಮಾತ್ರ ತುಂಬುವ ಗಾಡಿಗೆ ಅದನ್ನು ಹಾಕಿದರೆ ಉಳಿದ ದಿನ ಖಾಲಿ ಹಿಂಬದಿ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಜಾರುತ್ತದೆ, ಶಾಕ್ ಅಬ್ಸಾರ್ಬರ್ ಬೇಗ ಸೋಲುತ್ತದೆ. ಅಂಥವರಿಗೆ ಸ್ಟ್ಯಾಂಡರ್ಡ್ ಸೆಟ್, ಕೆಳಗೆ ಭಾರ ಬಿದ್ದಾಗ ಮಾತ್ರ ತಾಗುವ ದಪ್ಪ ಹೆಲ್ಪರ್ ಪಾಟಾ ಇರುವಂಥದ್ದು ಸಾಕು. ಬಿರುಸಾದ ಪಾಟಾ ಹಾಕಿದ ಮಾತ್ರಕ್ಕೆ ಚಾಸಿ, ಆಕ್ಸಲ್, ಬ್ರೇಕ್ ಹೆಚ್ಚು ಭಾರಕ್ಕೆ ಒಪ್ಪಿಬಿಡುವುದಿಲ್ಲ. ಗಾಡಿಯ ತಟ್ಟೆಯಲ್ಲಿ ಬರೆದ ಮಿತಿ ಅಷ್ಟೇ ಇರುತ್ತದೆ.

ಆರ್ಡರ್ ಮಾಡುವ ಮುಂಚೆ

ಮಾಡೆಲ್ ಹೆಸರು, ವರ್ಷ ಸಾಲದು. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಸೆಟ್ ಬಂದಿರುತ್ತದೆ. ಹಳೆಯದನ್ನು ಅಳೆಯಿರಿ: ಪಾಟಾದ ಅಗಲ, ಒಂದೊಂದರ ದಪ್ಪ, ಒಟ್ಟು ಎಷ್ಟು ಪಾಟಾ, ಕಣ್ಣಿನ ಒಳ ವ್ಯಾಸ, ಸೆಂಟರ್ ಬೋಲ್ಟಿನ ತಲೆಯ ವ್ಯಾಸ ಮತ್ತು ಎತ್ತರ. 60 ಮತ್ತು 63.5 ಮಿ.ಮೀ. ಅಗಲದ ಪಾಟಾಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹ್ಯಾಂಗರ್‌ನೊಳಗೆ (ಚಾಸಿಯಲ್ಲಿ ಪಾಟಾದ ತುದಿ ಹಿಡಿಯುವ ಬ್ರಾಕೆಟ್) ಕೂರಿಸಲು ಹೋದಾಗ ತಪ್ಪು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆ ಎಷ್ಟು, ಹಿಂದಿನ ಕಣ್ಣಿಗೆ ಎಷ್ಟು ಎಂದು ಮೇನ್ ಪಾಟಾದ ಮೈಗೆ ಟೇಪ್ ಅಂಟಿಸಿಕೊಂಡು ಅಳೆಯಿರಿ. ಬಹಳಷ್ಟು ಪಿಕಪ್‌ಗಳಲ್ಲಿ ಇವೆರಡೂ ಸಮ ಇರುವುದಿಲ್ಲ. ಸೆಟ್ ತಿರುವುಮುರುವಾಗಿ ಕೂರಿಸಿದರೆ ಆಕ್ಸಲ್ ಅಷ್ಟು ದೂರ ಸರಿದು ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ. ಒಳ್ಳೆಯ ಕಿಟ್‌ನಲ್ಲಿ ಮುಂದಿನ ತುದಿಗೆ ಗುರುತು ಇರುತ್ತದೆ, ಎಡ-ಬಲ ಬೇರೆಯಿದ್ದರೆ ಅದಕ್ಕೂ ಚೀಟಿ ಇರುತ್ತದೆ. ಗುರುತೇ ಇಲ್ಲದ ಕಿಟ್‌ಗೆ ಒಂದು ಅಂಕ ಕಡಿಮೆ ಕೊಡಬೇಕು.

ಬೋಲ್ಟಿನ ಚೀಲ

ಇನ್ನು ಚೀಲಕ್ಕೆ ಬರೋಣ. ಯು-ಬೋಲ್ಟ್ ಕೈಗೆ ತೆಗೆದುಕೊಂಡು ಥ್ರೆಡ್ ಮುಗಿದು ನುಣುಪು ಕಂಬಿ ಶುರುವಾಗುವ ಜಾಗ ನೋಡಿ. ಉರುಳಿಸಿ ಒತ್ತಿ ಮಾಡಿದ ಥ್ರೆಡ್ ಆದರೆ ಸಾಮಾನ್ಯವಾಗಿ ಕಂಬಿ ಥ್ರೆಡ್‌ಗಿಂತ ಒಂದು ಚೂರು ಸಪೂರ ಇರುತ್ತದೆ, ಥ್ರೆಡ್‌ನ ತಗ್ಗು ಹೊಳೆಯುತ್ತದೆ. ಕೊರೆದು ಮಾಡಿದ ಥ್ರೆಡ್ ಆದರೆ ಎರಡೂ ಸಮ ದಪ್ಪ, ತಗ್ಗಿನಲ್ಲಿ ತರಿ. ಒತ್ತಿದ ಥ್ರೆಡ್ ಉಕ್ಕಿನ ದಣಿವನ್ನು ಹೆಚ್ಚು ತಡೆಯುತ್ತದೆ. ನಟ್ ಎತ್ತರವಾಗಿರಬೇಕು, ಕನಿಷ್ಠ ಬೋಲ್ಟಿನ ವ್ಯಾಸದಷ್ಟಾದರೂ. ಸಾಧಾರಣ ತೆಳು ನಟ್ ಮತ್ತು ಸ್ಪ್ರಿಂಗ್ ವಾಷರ್ ಬಂದಿದ್ದರೆ ಅದನ್ನು ಬದಿಗಿಟ್ಟು, ಎತ್ತರದ ನಟ್, ಗಟ್ಟಿ ಮಾಡಿದ ಚಪ್ಪಟೆ ವಾಷರ್ ಬೇರೆ ಕೊಳ್ಳಿ. ಬೋಲ್ಟ್ 8.8 ದರ್ಜೆಯದ್ದಾದರೆ ನಟ್ ಮೇಲೆ 8, 10.9 ಆದರೆ 10 ಇರಬೇಕು. ಯು ಆಕಾರದ ಬಾಗು ಆಕ್ಸಲ್ ಟ್ಯೂಬಿನ ಬಾಗಿಗೆ ಪೂರ್ತಿ ಅಂಟಬೇಕು. ದುಂಡಗಿನ ಆಕ್ಸಲ್‌ಗೆ ಚೌಕ ಬಾಗಿನ ಯು-ಬೋಲ್ಟ್ ಹಾಕಿದರೆ ಎರಡು ಬಿಂದುಗಳಲ್ಲಿ ಮಾತ್ರ ಕೂತು, ಓಡಿದಂತೆ ಅಲ್ಲಿ ತಗ್ಗು ಬಿದ್ದು ಸಡಿಲವಾಗುತ್ತದೆ. ಹಳೆ ಯು-ಬೋಲ್ಟ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಅದು ಒಮ್ಮೆ ಹಿಗ್ಗಿ, ಥ್ರೆಡ್ ಒಂದು ನಟ್‌ಗೆ ಒಗ್ಗಿಹೋಗಿದೆ. ಎರಡನೇ ಸಲ ಅದೇ ಬಿಗಿತ ಹಿಡಿಯುತ್ತದೆ ಎಂದು ನಂಬುವ ಹಾಗಿಲ್ಲ.

ರಬ್ಬರ್ ಬುಷ್‌ನೊಳಗಿನ ಉಕ್ಕಿನ ಕೊಳವೆ ಕಣ್ಣಿನ ಅಗಲಕ್ಕಿಂತ ಎರಡೂ ಬದಿ ಒಂದೆರಡು ಮಿ.ಮೀ. ಹೊರಗೆ ಬಂದಿರಬೇಕು. ಬೋಲ್ಟ್ ಬಿಗಿದಾಗ ಹ್ಯಾಂಗರ್ ತಟ್ಟೆಗಳು ಕಚ್ಚಬೇಕಾದ್ದು ಈ ಕೊಳವೆಯನ್ನು, ಕಣ್ಣನ್ನಲ್ಲ. ಕೊಳವೆ ಚಿಕ್ಕದಿದ್ದರೆ ಕಣ್ಣೇ ಸಿಕ್ಕಿಕೊಂಡು ತಿರುಗದೆ ಬುಡದಲ್ಲಿ ಮುರಿಯುತ್ತದೆ. ಬುಷ್ ಕೈಯಲ್ಲೇ ಕಣ್ಣಿನೊಳಗೆ ಜಾರಿದರೂ ತಪ್ಪೇ, ಪ್ರೆಸ್ ಅಥವಾ ವೈಸ್ ಬೇಕಾಗಬೇಕು. ಕೆಲವು ಹಳೆ ಪಿಕಪ್‌ಗಳಲ್ಲಿ ಶ್ಯಾಕಲ್ ಬುಷ್ ಎರಡು ಅರ್ಧವಾಗಿ ಬರುತ್ತದೆ. ಹಿಂದಿನ ಕಣ್ಣಿಗೆ 2, ಚಾಸಿಯ ಹ್ಯಾಂಗರ್‌ಗೆ 2, ಎರಡೂ ಬದಿ ಸೇರಿ 8. ನಾಲ್ಕೇ ಇಟ್ಟು ಕಳಿಸುವ ಕಿಟ್‌ಗಳಿವೆ, ಹಾಗಾಗಿ ಹಳೆಯದನ್ನು ಬಿಚ್ಚುವ ಮುಂಚೆಯೇ ಎಣಿಸಿ. ಪಾಲಿಯುರೇಥೇನ್ ಬುಷ್ ರಬ್ಬರ್‌ಗಿಂತ ಬಾಳಿಕೆ ಬರುತ್ತದೆ, ಆದರೆ ಸಿಲಿಕೋನ್ ಗ್ರೀಸ್ ಇಲ್ಲದೆ ಕಿರುಗುಟ್ಟುತ್ತದೆ, ರಸ್ತೆಯ ಸಣ್ಣ ಅದುರನ್ನೂ ಒಳಗೆ ತರುತ್ತದೆ. ದಿನದ ಓಡಾಟಕ್ಕೆ ರಬ್ಬರ್‌ಗೇ ಹೆಚ್ಚು ಅಂಕ.

ಬಿಚ್ಚುವುದು

ಬೇಕಾದ್ದು: 3 ಟನ್ ಜಾಕ್, ನಾಲ್ಕು ಸ್ಟ್ಯಾಂಡ್, ಉದ್ದ ಹಿಡಿಯ ಬಾರ್, 17ರಿಂದ 24ರವರೆಗಿನ ಸಾಕೆಟ್‌ಗಳು, ಗ್ರೈಂಡರ್, ದೊಡ್ಡ ಸಿ-ಕ್ಲ್ಯಾಂಪ್ ಎರಡು, ಟಾರ್ಕ್ ವ್ರೆಂಚ್. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ಎರಡು ಮೂರು ಸಲ ಹಾಕಿಡಿ. ತುಕ್ಕಿಲ್ಲದ ಗಾಡಿ ನಾಲ್ಕೈದು ತಾಸಿನ ಕೆಲಸ, ತುಕ್ಕು ಹಿಡಿದಿದ್ದರೆ ಪೂರ್ತಿ ದಿನ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಚಾಸಿಯನ್ನು ಪಾಟಾದ ಮುಂದಿನ ಹ್ಯಾಂಗರ್‌ಗಿಂತ ಸ್ವಲ್ಪ ಮುಂದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಕ್ಸಲ್ ಕೆಳಗೆ ಜಾಕ್ ಇರಲಿ, ಪಾಟಾದ ಮೇಲಿನ ಎಳೆತ ಬಿಡಿಸುವಷ್ಟು ಮಾತ್ರ ಏರಿಳಿಸಿ. ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ, ಇನ್ನೊಂದು ಬದಿ ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿರುತ್ತದೆ. ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಬಿಚ್ಚಿದ ಕೂಡಲೇ ಬ್ರೇಕ್ ಹೋಸ್ ಕಡೆ ಕಣ್ಣಿಡಿ. ಆಕ್ಸಲ್ ಕೆಳಗಿಳಿದಂತೆ ಹೋಸ್ ಮತ್ತು ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯಾಗುತ್ತವೆ, ಆಕ್ಸಲ್ ಭಾರ ಅವುಗಳ ಮೇಲೆ ಬೀಳಕೂಡದು.

ಯು-ಬೋಲ್ಟ್ ಹೇಗಿದ್ದರೂ ಎಸೆಯುವಂಥದ್ದು, ನಟ್ ಹಟ ಮಾಡಿದರೆ ಗ್ರೈಂಡರ್‌ನಲ್ಲಿ ಕತ್ತರಿಸಿ. ಕಿಡಿ ಬ್ರೇಕ್ ಪೈಪ್ ಕಡೆ ಹಾರದಂತೆ, ಉಳಿಸಿಕೊಳ್ಳುವ ಪಾಟಾದ ಮೇಲೆ ಬೀಳದಂತೆ ಒದ್ದೆ ಗೋಣಿ ಹೊದಿಸಿ. ನಿಜವಾದ ಜಗಳ ಮುಂದಿನ ಕಣ್ಣಿನ ಬೋಲ್ಟಿನ ಜೊತೆ. ಬುಷ್‌ನ ಒಳಗಿನ ಕೊಳವೆ ಮತ್ತು ಬೋಲ್ಟ್ ತುಕ್ಕು ಹಿಡಿದು ಒಂದಾಗಿರುತ್ತವೆ. ನಟ್ ಬಂದರೂ ಬೋಲ್ಟ್ ಬರುವುದಿಲ್ಲ, ತಿರುಗಿಸಿದರೆ ರಬ್ಬರ್ ಜೊತೆ ತಿರುಚಿಕೊಂಡು ವಾಪಸ್ ಬರುತ್ತದೆ. ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದರೆ ಹ್ಯಾಂಗರ್ ಬಾಗುತ್ತದೆ. ಅದರ ಬದಲು ಕಣ್ಣು ಮತ್ತು ಹ್ಯಾಂಗರ್ ತಟ್ಟೆಯ ನಡುವಿನ ಸಂದಿಗೆ ಗರಗಸದ ಬ್ಲೇಡ್ ಹಾಕಿ ಬೋಲ್ಟನ್ನು ಎರಡೂ ಬದಿ ಕತ್ತರಿಸಿ. ಹೊಸ ಬೋಲ್ಟ್ ಮೊದಲೇ ತಂದಿಟ್ಟಿರಬೇಕು. ಕಿಟ್‌ನಲ್ಲಿ ಇದು ಅಪರೂಪಕ್ಕೆ ಬರುತ್ತದೆ, ಬಂದಿದ್ದರೆ ಆ ಕಿಟ್ ಮಾಡಿದವರಿಗೆ ಕೆಲಸ ಗೊತ್ತಿದೆ ಎಂದರ್ಥ.

ಒಂದು ಬದಿಯಲ್ಲಿ ಇನ್ನೊಂದು ತೊಡಕು: ಹಲವು ಪಿಕಪ್‌ಗಳಲ್ಲಿ ಇಂಧನ ಟ್ಯಾಂಕ್ ಮುಂದಿನ ಹ್ಯಾಂಗರ್ ಪಕ್ಕದಲ್ಲೇ ಇರುತ್ತದೆ, ಬೋಲ್ಟಿನ ತಲೆ ಟ್ಯಾಂಕ್ ಕಡೆಗಿರುತ್ತದೆ. ಬೋಲ್ಟ್ ಅರ್ಧ ಹೊರಬಂದು ಟ್ಯಾಂಕಿಗೆ ತಾಗಿ ನಿಲ್ಲುತ್ತದೆ. ಆಗ ಟ್ಯಾಂಕಿನ ಪಟ್ಟಿ ಸಡಿಲಿಸಿ ಕೆಳಗಿಳಿಸುವುದೇ ದಾರಿ, ಹಾಗಾಗಿ ಟ್ಯಾಂಕ್ ಖಾಲಿಯಿರುವ ದಿನ ಈ ಕೆಲಸಕ್ಕೆ ಕೈ ಹಾಕಿ. ಅಲ್ಲಿ ಗ್ಯಾಸ್ ಬೆಂಕಿಯಾಗಲಿ, ಕಿಡಿ ಹಾರಿಸುವ ಗ್ರೈಂಡರ್ ಆಗಲಿ ಬೇಡವೇ ಬೇಡ. ಕೈಗರಗಸ ನಿಧಾನ, ಆದರೂ ಅದೇ ಸರಿ.

ಹಳೆ ಸೆಟ್ ನೆಲಕ್ಕೆ ಬಂದ ಮೇಲೆ ಸೆಂಟರ್ ಬೋಲ್ಟನ್ನು ಸುಮ್ಮನೆ ಬಿಚ್ಚಬೇಡಿ. ಬೇರೆ ಬೇರೆ ಕಮಾನಿನ ಪಾಟಾಗಳು ಅದರಲ್ಲಿ ಬಲವಾಗಿ ಒತ್ತಿ ನಿಂತಿವೆ, ಬಿಟ್ಟರೆ ಚಿಮ್ಮುತ್ತವೆ. ಎರಡೂ ಬದಿ ಸಿ-ಕ್ಲ್ಯಾಂಪ್ ಹಾಕಿ ನಿಧಾನ ಸಡಿಲಿಸಿ.

ಕೂರಿಸುವ ಮುಂಚೆ ಮೂರು ಜಾಗ ನೋಡಲೇಬೇಕು. ಆಕ್ಸಲ್ ಪ್ಯಾಡ್‌ನ ತೂತು ದುಂಡಗಿದೆಯೇ? ಅಂಡಾಕಾರಕ್ಕೆ ತಿರುಗಿದ್ದರೆ ಹೊಸ ಸೆಂಟರ್ ಬೋಲ್ಟಿನ ತಲೆ ಅದರಲ್ಲಿ ಆಡುತ್ತದೆ, ಆಗ ಯು-ಬೋಲ್ಟ್ ಎಷ್ಟು ಬಿಗಿದರೂ ಆಕ್ಸಲ್ ಒಂದು ದಿನ ಸರಿಯುತ್ತದೆ. ಯು-ಬೋಲ್ಟಿನ ತಟ್ಟೆ ಚಪ್ಪಟೆಯಾಗಿದೆಯೇ? ಅಡ್ಡಪಟ್ಟಿ ಇಟ್ಟಾಗ ಬೆಳಕು ಕಂಡರೆ ಬಾಗಿದೆ, ಬದಲಿಸಿ. ಹ್ಯಾಂಗರ್‌ನ ರಿವೆಟ್ ಸುತ್ತ ಬಿರುಕು, ತುಕ್ಕು ತಿಂದು ತೆಳುವಾದ ತಟ್ಟೆ ಇದೆಯೇ? ಇದ್ದರೆ ಪಾಟಾ ಕೆಲಸ ನಿಲ್ಲಿಸಿ ಮೊದಲು ಚಾಸಿ ಕೆಲಸ.

ಕೂರಿಸುವುದು

ಒಂದು ಸೆಟ್ 20ರಿಂದ 35 ಕೆ.ಜಿ. ತೂಗುತ್ತದೆ, ಗಾಡಿ ಕೆಳಗೆ ಮಲಗಿ ಒಬ್ಬರೇ ಎತ್ತಬೇಡಿ. ಪ್ಯಾಡ್‌ಗೆ ಕೂರುವ ಜಾಗದಲ್ಲಿ ಪಾಟಾದ ಪೇಂಟ್ ದಪ್ಪವಾಗಿದ್ದರೆ ಕೆರೆದು ತೆಗೆಯಿರಿ. ಪೇಂಟ್ ಅರೆದು ಪುಡಿಯಾದಷ್ಟು ಯು-ಬೋಲ್ಟಿನ ಬಿಗಿತ ಇಳಿಯುತ್ತದೆ. ಅಲ್ಲಿ ಗ್ರೀಸ್ ಹಚ್ಚುವುದೂ ಬೇಡ, ಉಜ್ಜುವಿಕೆಯೇ ಆಕ್ಸಲ್ಲನ್ನು ಹಿಡಿಯುವ ಬಲ. ಕಣ್ಣಿನ ಬೋಲ್ಟಿನ ನುಣುಪು ಭಾಗಕ್ಕೆ ಮಾತ್ರ ಆಂಟಿ-ಸೀಜ್ (ತುಕ್ಕು ಹಿಡಿದು ಅಂಟದಂತೆ ತಡೆಯುವ ಪೇಸ್ಟ್) ಹಚ್ಚಿ, ಮುಂದೆ ಬಿಚ್ಚುವವರು ಬದುಕುತ್ತಾರೆ.

ಮೊದಲು ಮುಂದಿನ ಕಣ್ಣು, ಆಮೇಲೆ ಹಿಂದಿನ ಶ್ಯಾಕಲ್, ಎಲ್ಲವೂ ಕೈಬಿಗಿತ ಮಾತ್ರ. ಹೊಸ ಸೆಟ್ಟಿನ ಕಮಾನು ಹೆಚ್ಚಿರುವುದರಿಂದ ಕಣ್ಣಿಂದ ಕಣ್ಣಿಗೆ ದೂರ ಕಡಿಮೆ, ಹಿಂದಿನ ಕಣ್ಣು ಶ್ಯಾಕಲ್ ತೂತಿಗಿಂತ ಒಂದೆರಡು ಅಂಗುಲ ಮುಂದೆ ನಿಲ್ಲುತ್ತದೆ. ಆಕ್ಸಲ್ ಪ್ಯಾಡ್‌ಗೆ ಸೆಂಟರ್ ಬೋಲ್ಟ್ ಕೂರಿಸಿ ಯು-ಬೋಲ್ಟ್ ಸಡಿಲವಾಗಿ ಹಾಕಿ, ಜಾಕ್‌ನಿಂದ ನಿಧಾನ ಎತ್ತಿದರೆ ಪಾಟಾ ಚಪ್ಪಟೆಯಾಗುತ್ತಾ ತೂತಿನ ಹತ್ತಿರ ಬರುತ್ತದೆ. ಬಾರ್ ಹಾಕಿ ಎಳೆಯುವಾಗ ಬೆರಳು ತೂತಿನೊಳಗೆ ಇಡಬೇಡಿ, ಸ್ಕ್ರೂ ಡ್ರೈವರ್‌ನಿಂದ ಸಾಲು ನೋಡಿ.

ಯು-ಬೋಲ್ಟಿನ ನಾಲ್ಕು ಕಾಲುಗಳೂ ತಟ್ಟೆಯಿಂದ ಸಮ ಉದ್ದ ಹೊರಗಿರಬೇಕು. ಎದುರು-ಬದುರು ಮೂಲೆಯ ಕ್ರಮದಲ್ಲಿ, ನಾಲ್ಕು ಹಂತದಲ್ಲಿ ಬಿಗಿಯಿರಿ. ಕೊನೆಯ ಹಂತ ಗಾಡಿಯ ಭಾರ ಚಕ್ರದ ಮೇಲೆ ಇಳಿದ ಮೇಲೆ. ಎಷ್ಟು ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. 12 ಮಿ.ಮೀ. ಯು-ಬೋಲ್ಟಿಗೆ ಸಾಮಾನ್ಯವಾಗಿ ದರ್ಜೆ ನೋಡಿಕೊಂಡು 90ರಿಂದ 120 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಇಂಪ್ಯಾಕ್ಟ್ ಗನ್‌ನಲ್ಲಿ ಮುಗಿಸಿಬಿಡುವ ಅಭ್ಯಾಸ ಕೆಟ್ಟದ್ದು, ಒಂದು ಕಾಲು ಹಿಗ್ಗಿ ಇನ್ನೊಂದು ಸಡಿಲ ಉಳಿಯುತ್ತದೆ.

ಕಣ್ಣಿನ ಬೋಲ್ಟ್ ಮತ್ತು ಶ್ಯಾಕಲ್ ಬೋಲ್ಟ್‌ಗಳ ಪೂರ್ತಿ ಬಿಗಿತವೂ ಗಾಡಿ ನೆಲದ ಮೇಲೆ ನಿಂತ ಎತ್ತರದಲ್ಲೇ. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವಾಗ ಬಿಗಿದರೆ ಗಾಡಿ ಇಳಿದ ಕ್ಷಣದಿಂದಲೇ ಅದು ತಿರುಚಿ ನಿಂತು, ಕೆಲವು ತಿಂಗಳಲ್ಲಿ ಹರಿಯುತ್ತದೆ. ಹೊಸ ಕಿಟ್‌ನ ಬುಷ್ ಬೇಗ ಹೋಯಿತು ಎಂದು ಮಾಲನ್ನು ದೂರುವವರು ಮೊದಲು ಈ ಒಂದು ಹೆಜ್ಜೆ ಸರಿಯಾಗಿತ್ತೇ ಎಂದು ನೋಡಿಕೊಳ್ಳಬೇಕು.

ಆಕ್ಸಲ್ ಮತ್ತು ಪಾಟಾ ನಡುವೆ ಓರೆ ಶಿಮ್ (ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾದ ತುಂಡು) ಇದ್ದರೆ ಅದರ ದಪ್ಪ ಬದಿ ಯಾವ ಕಡೆಗಿತ್ತೋ ಹಾಗೇ ಮತ್ತೆ ಇಡಿ. ತಿರುಗಿಸಿಟ್ಟರೆ ಪ್ರೊಪೆಲರ್ ಶಾಫ್ಟ್‌ನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕೋನ ಕೆಟ್ಟು ಅದುರುತ್ತದೆ. ಅಲ್ಯೂಮಿನಿಯಂ ಶಿಮ್ ಬಂದಿದ್ದರೆ ಉಕ್ಕಿನದಕ್ಕೆ ಬದಲಿಸಿ, ಅದು ಅರೆದುಹೋಗಿ ಬಿಗಿತ ಕಳೆಯುತ್ತದೆ.

ಇಳಿಸಿದ ಮೇಲೆ

ಮೊದಲು ಬರೆದಿಟ್ಟ ನಾಲ್ಕು ಅಳತೆಗಳನ್ನು ಮತ್ತೆ ತೆಗೆಯಿರಿ. ಮುಂದಿನ-ಹಿಂದಿನ ಚಕ್ರದ ದೂರ ಎರಡೂ ಬದಿ 5 ಮಿ.ಮೀ. ಒಳಗೆ ಹೊಂದಬೇಕು. ಹೊಂದದಿದ್ದರೆ ಸೆಂಟರ್ ಬೋಲ್ಟಿನ ತಲೆ ತೂತಿನಲ್ಲಿ ಕೂತಿಲ್ಲ, ಪ್ಯಾಡ್ ಅಂಚಿನ ಮೇಲೆ ಕೂತಿದೆ. ಹಾಗೇ ಓಡಿಸಬೇಡಿ. ಶ್ಯಾಕಲ್ ಯಾವ ಕಡೆಗೂ ಚಾಸಿಗೆ ಮಲಗಿರಬಾರದು. ಮಲಗಿದರೆ ಪಾಟಾ ಉದ್ದವಾಗಲು ಜಾಗವಿಲ್ಲದೆ ಗಾಡಿ ಕಲ್ಲಿನಂತೆ ಹೊಡೆಯುತ್ತದೆ, ಆ ಸೆಟ್ ನಿಮ್ಮ ಗಾಡಿಯದ್ದಲ್ಲ.

ಬಹಳ ಮಂದಿ ಮರೆಯುವುದು ಭಾರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್. ಹಲವು ಹಳೆ ಪಿಕಪ್‌ಗಳಲ್ಲಿ ಚಾಸಿಗೆ ಕೂತ ಈ ವಾಲ್ವಿನಿಂದ ಒಂದು ಕಂಬಿ ಹಿಂದಿನ ಆಕ್ಸಲ್‌ಗೆ ಹೋಗಿರುತ್ತದೆ. ಹಿಂಬದಿ ಕೂತಷ್ಟೂ ಭಾರ ಹೆಚ್ಚಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೊಸ ಪಾಟಾದಿಂದ ಹಿಂಬದಿ ಎದ್ದಾಗ, ಭಾರ ತುಂಬಿದ್ದರೂ ಖಾಲಿಯಿದೆ ಎಂದೇ ಅದು ಭಾವಿಸುತ್ತದೆ. ಹಿಂದಿನ ಬ್ರೇಕ್ ಸಾಲದೆ ನಿಲ್ಲುವ ದೂರ ಹೆಚ್ಚುತ್ತದೆ. ಕೈಪಿಡಿಯಲ್ಲಿ ಹೇಳಿದ ಅಳತೆಗೆ ಕಂಬಿಯನ್ನು ಹೊಂದಿಸಿ. ಇದರ ಬಗ್ಗೆ ಒಂದು ಸಾಲೂ ಬರೆಯದೆ ಎತ್ತರ ಹೆಚ್ಚಿಸುವ ಕಿಟ್ ಮಾರುವುದು ದೊಡ್ಡ ತಪ್ಪು, ಅಂಥ ಕಿಟ್‌ಗೆ ಉಳಿದ ಗುಣ ಎಷ್ಟಿದ್ದರೂ ಪೂರ್ತಿ ಅಂಕ ಕೊಡಲಾಗದು. ಹಿಂಬದಿ ಎದ್ದರೆ ಹೆಡ್‌ಲೈಟ್ ಬೆಳಕು ಕೆಳಗಿಳಿಯುತ್ತದೆ, ಅದನ್ನೂ ಹೊಂದಿಸಿಕೊಳ್ಳಿ.

ಹೊಸ ಸೆಟ್ ಮೊದಲ ಕೆಲವು ವಾರ ಸ್ವಲ್ಪ ಕೂರುತ್ತದೆ, ಅದು ಸಹಜ. ಕೂರುವಾಗ ಯು-ಬೋಲ್ಟಿನ ಬಿಗಿತವೂ ಇಳಿಯುತ್ತದೆ. 100 ಕಿ.ಮೀ. ಓಡಿದ ಮೇಲೆ ಒಮ್ಮೆ, 1,000 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಾಕಿ ಎಂಟೂ ನಟ್ ನೋಡಿ. ಎರಡನೇ ಸಲ ಬಿಗಿದಾದ ಮೇಲೆ ಪ್ರತಿ ನಟ್‌ನಿಂದ ತಟ್ಟೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮುಂದೆ ಟೈರ್ ಗಾಳಿ ನೋಡಲು ಬಗ್ಗಿದಾಗಲೆಲ್ಲ ಗೆರೆ ಕಾಣುತ್ತದೆ. ಒಂದು ಗೆರೆ ತುಂಡಾಗಿ ಸರಿದಿದ್ದರೆ ಆ ನಟ್ ಒಂದನ್ನೇ ಬಿಗಿದು ಎದ್ದು ಬರಬೇಡಿ. ಆ ಬದಿಯ ನಾಲ್ಕೂ ನಟ್‌ಗಳ ಬಿಗಿತ ನೋಡಿ, ಚಕ್ರದ ದೂರ ಅಳೆಯಿರಿ, ಸೆಂಟರ್ ಬೋಲ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಉದುರಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಪುಡಿ ಇದ್ದರೆ ಪಾಟಾ ಒಳಗೆ ಆಡುತ್ತಿದೆ. ಯು-ಬೋಲ್ಟ್ ಜೋಡಿ ಮತ್ತೆ ಹೊಸದು ಹಾಕಬೇಕು.